ಸುರಂಗ ಬಿಟ್ಟು ಸುತ್ತುದಾರಿ

ಹೊರಡುವ ಹಿಂದಿನ ಸಂಜೆ ಮಗಳು ಫೋನ್ ಮಾಡಿ ತನಗೆ ಬರಲಾಗುವುದಿಲ್ಲ ಎಂದಾಗ ಕಂಡಕ್ಟರಮ್ಮ ಅರ್ಧ ತುಂಬಿದ್ದ ಬ್ಯಾಗನ್ನು ಮತ್ತೆ ಬರಿದು ಮಾಡತೊಡಗಿದರು. ಮಗಳು ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಜೊತೆಯ ನರ್ಸೊಬ್ಬಳು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳಂತೆ. ಅವಳ ಪಾಳಿ ಇವಳ ತಲೆಗೆ ಬಂದಿತ್ತು. ಅದಕ್ಕೇನು, ಇನ್ನೊಮ್ಮೆ ಹೋದರಾಯಿತು ಎಂದು ಇವರು ಹೇಳುವಷ್ಟರಲ್ಲಿ ಮಗಳು ತಡೆದಳು. ಸರೋವರದ ದಂಡೆಯ ಹೋಟೆಲಿನಲ್ಲಿ ರೂಮು ಹಿಡಿದಾಗಿದೆ, ತಾನು ನಾಡಿದ್ದು ಸಂಜೆ ಸುರಂಗದ ದಾರಿಯ ಬಸ್ಸಿನಲ್ಲಿ ನೇರ ಅಲ್ಲಿಗೇ ಬಂದು ಸೇರಿಕೊಳ್ಳುತ್ತೇನೆ, ನೀವಿಬ್ಬರೂ ಬೆಳಿಗ್ಗೆ ಹೊರಟುಬಿಡಿ ಎಂದಳು.

“ನಾವಿಬ್ಬರೂ ಅಂದ್ರೆ?”

“ನೀನು, ಅವರು. ಇನ್ಯಾರಮ್ಮ?”

ಕಂಡಕ್ಟರಮ್ಮ ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಇರುವುದು ಅವರ ಜಾಯಮಾನವಲ್ಲ. ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು ಮೊನ್ನೆ ಮೊನ್ನೆ ನಿವೃತ್ತರಾದವರು. ಬಾಯಿ ಇಲ್ಲದಿದ್ದರೆ ನಾಯಿಯೂ ಬಸ್ಸಿಳಿಯುವುದಿಲ್ಲ ಎನ್ನುವುದು ಅವರೇ ಕಟ್ಟಿದ ಗಾದೆ. ಡಿಪೋದಲ್ಲಿ, ಬೀದಿಯಲ್ಲಿ, ಕೊನೆಗೆ ಜಗಳ ಬಂದಾಗ ಸ್ವಂತ ಮಗಳ ಬಾಯಲ್ಲೂ ಅವರು ‘ಕಂಡಕ್ಟರಮ್ಮ’ನೇ. ಅಂಥವರಿಗೆ ಸಿಕ್ಕ ಅಳಿಯನೋ, ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಮಾತಾಡಿದರೆ ಮುತ್ತು ಉದುರಿ ಹೋಗುತ್ತದೆ ಎನ್ನುವವನ ಹಾಗೆ ತುಟಿ ಹೊಲಿದುಕೊಂಡಿರುವವನು. ಮದುವೆಯಾಗಿ ಇಷ್ಟು ವರ್ಷಗಳಾದರೂ ಇವರ ಮನೆಯಲ್ಲಿ ಅವನ ಬಾಯಿಂದ ಬಿದ್ದ ಮಾತುಗಳೆಂದರೆ ‘ಹೂಂ’, ‘ಸಾಕು’, ‘ಬರ್ತೀನಿ’. ಒಂದು ದಿನ ಬಾಯ್ತುಂಬ ‘ಅತ್ತೆ’ ಎಂದು ಕರೆದವನಲ್ಲ. ಪಕ್ಕದ ಮನೆಯಾಕೆಯ ಹತ್ತಿರ ಕಂಡಕ್ಟರಮ್ಮ ಇದನ್ನು ಹೇಳಿಕೊಂಡು ನಗುವುದಿತ್ತು: “ಅಳಿಯ ಅಲ್ಲ, ಮಗಳ ಗಂಡ ಅಂತಾರಲ್ಲ, ನಮ್ಮನೇಲಿ ಅದು ನಿಜ ಕಣ್ರೀ. ಅವರು ನನಗೆ ಅಳಿಯ ಅಲ್ಲವೇ ಅಲ್ಲ. ಬರೀ ಮಗಳ ಗಂಡ.” ನಗು ಮುಗಿದ ಮೇಲೆ ಎದೆಯಲ್ಲಿ ಏನೋ ಒಂದಿಷ್ಟು ಕಹಿ ಉಳಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ತಾನೇ ಗೇಯ್ದು ಬೆಳೆಸಿದ ಮಗಳು. ಅವಳ ಗಂಡನಿಗೆ ಈ ಮನೆಯ ಟಿಕೆಟಿನ ಮನುಷ್ಯರು ಕಣ್ಣಿಗೆ ಹಿಡಿಸಲಿಲ್ಲವೇನೋ ಎಂಬ ಅನುಮಾನ.

ಆದರೂ ಮಗಳ ಮಾತು ಮೀರಲಾಗಲಿಲ್ಲ. ಬರಿದಾದ ಬ್ಯಾಗು ಮತ್ತೆ ತುಂಬಿತು.

ಬೆಳಿಗ್ಗೆ ಅಳಿಯ ಬಾಗಿಲಿಗೆ ಬಂದು ನಿಂತ. ತೆಳ್ಳಗಿನ, ಉದ್ದ ಕೈಗಳ ಮನುಷ್ಯ. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗುತ್ತಿರಲಿಲ್ಲ. ಬ್ಯಾಗು ಎತ್ತಿಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿಟ್ಟ. ಅಲ್ಲಿ ಮಗಳು ಮೊದಲೇ ರಜಾಯಿ, ದಿಂಬು, ಮಡಚುವ ಕುರ್ಚಿಗಳನ್ನು ಹಿಂದಿನ ಗಾಜು ಮುಚ್ಚುವಷ್ಟು ಪೇರಿಸಿಬಿಟ್ಟಿದ್ದಳು, ಸಂಸಾರವೇ ಗುಳೆ ಹೊರಟ ಹಾಗೆ. ಕಂಡಕ್ಟರಮ್ಮ ಮುಂದೆ ಕೂತು, ಕಾರು ಕದಲುವ ಮೊದಲೇ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅದು ಅಭ್ಯಾಸ. ಓಡುವ ಗಾಡಿಯಲ್ಲಿ ಅವರು ಕೂತಿದ್ದೇ ಕಡಿಮೆ. ಜೀವಮಾನವೆಲ್ಲ ನಿಂತುಕೊಂಡು, ಜನರ ಮುಖ ಮತ್ತು ಚಾಚಿದ ಕೈಗಳನ್ನು ನೋಡುತ್ತಾ ಓಡಾಡಿದವರು. ಊರಿನ ರಸ್ತೆಗಳು ಅವರಿಗೆ ಕಣ್ಣಿಗಿಂತ ಅಂಗಾಲಿಗೆ ಹೆಚ್ಚು ಗೊತ್ತು. ಕಿಟಕಿಯಾಚೆ ನೋಡಲು ಪುರುಸೊತ್ತು ಯಾರಿಗಿತ್ತು?

ಹೆದ್ದಾರಿಯಲ್ಲಿ ಬೆಟ್ಟಗಳ ಬುಡದ ತನಕ ಕಾರು ನುಣ್ಣಗೆ ಓಡಿತು. ದಾರಿಯುದ್ದಕ್ಕೂ ಕಂಡಕ್ಟರಮ್ಮ ಡಿಪೋದ ಕಥೆಗಳನ್ನು ಹೇಳಿದರು, ಬಸ್ಸಿನಲ್ಲಿ ಹಲ್ಲುಸೆಟ್ಟು ಬಿಟ್ಟು ಹೋದ ಮುದುಕನ ಕಥೆ ಹೇಳಿದರು, ಅದನ್ನು ಹುಡುಕಿಕೊಂಡು ಬಂದ ಮುದುಕಿಯ ಕಥೆಯನ್ನೂ ಹೇಳಿದರು. ಅಳಿಯ ಅಲ್ಲಲ್ಲಿ ‘ಹೂಂ’ ಎಂದ, ಒಂದೆರಡು ಕಡೆ ನಕ್ಕ. ಸುರಂಗದ ದೊಡ್ಡ ಫಲಕ ಕಂಡಿತು. ಎಲ್ಲ ಗಾಡಿಗಳೂ ಇಲಿ ಬಿಲ ಹೊಕ್ಕಂತೆ ಒಳಗೆ ನುಗ್ಗುತ್ತಿದ್ದರೆ, ಅಳಿಯ ಮಾತ್ರ ಪಕ್ಕದ ಕಿರುದಾರಿಗೆ ಹೊರಳಿದ.

ಇದೇನು, ಸುರಂಗದಲ್ಲಿ ಹೋದರೆ ಮಧ್ಯಾಹ್ನಕ್ಕೇ ಸರೋವರ ಸೇರಬಹುದಲ್ಲ ಎಂದು ಕಂಡಕ್ಟರಮ್ಮ ಕೇಳಿದರು. ಅವನು ಡ್ಯಾಶ್‌ಬೋರ್ಡಿನಿಂದ ಮಡಿಸಿದ ನಕ್ಷೆಯೊಂದನ್ನು ತೆಗೆದು ಅವರ ತೊಡೆಯ ಮೇಲಿಟ್ಟ. ಸುರಂಗ ಬರುವ ಮೊದಲು ಎಲ್ಲರೂ ಓಡಾಡುತ್ತಿದ್ದ ಹಳೆಯ ಬೆಟ್ಟದ ದಾರಿಯ ಮೇಲೆ ಪೆನ್ಸಿಲಿನ ಗೆರೆ ಎಳೆದಿತ್ತು. ಕಿಟಕಿಯ ಕಡೆ ಕೈ ತೋರಿಸಿ, “ನೋಡಿ” ಎಂದ. ಅಷ್ಟೇ.

ಇವರಿಗೆ ರೇಗಿತು. ಇನ್ನು ತಾನೂ ಬಾಯಿ ಬಿಟ್ಟರೆ ಕೇಳಿ ಎಂದು ಮನಸ್ಸಿನಲ್ಲೇ ಶಪಥ ಮಾಡಿ ಮುಖ ಕಿಟಕಿಗೆ ತಿರುಗಿಸಿದರು. ಬೇರೆ ಕೆಲಸವಿಲ್ಲದ್ದರಿಂದ ನೋಡಿದರು.

ದಾರಿಗೆ ವಯಸ್ಸಾಗಿತ್ತು. ಟಾರಿನ ಅಂಚಿನಲ್ಲಿ ಹುಲ್ಲು ಬೆಳೆದು ಒಳಗೊಳಗೇ ಒತ್ತುವರಿ ಮಾಡಿಕೊಂಡಿತ್ತು. ಹೊಳೆಯೊಂದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸಿಕೊಂಡು, ಕಣ್ಣುಮುಚ್ಚಾಲೆ ಆಡುತ್ತಾ ಜೊತೆಗೇ ಬರುತ್ತಿತ್ತು. ಕಪ್ಪು ಕಲ್ಲಿನ ಚಪ್ಪಡಿ ತೆಗೆಯುವ ಊರಿನಲ್ಲಿ ಗೋಡೆ, ಮಾಡು, ಬೇಲಿ, ಕೊನೆಗೆ ಕೋಳಿಗೂಡು ಕೂಡ ಅದೇ ಕಲ್ಲಿನದು. ಆ ಕಪ್ಪಿನ ನಡುವೆ ಒಗೆದು ಒಣಹಾಕಿದ ಒಂದು ಹಳದಿ ಬಟ್ಟೆ ಕಣ್ಣು ಕುಕ್ಕಿತು. ಮುಚ್ಚಿದ ವಸತಿಗೃಹದ ಜಗಲಿಯಲ್ಲಿ ಕ್ಷೌರಿಕನೊಬ್ಬ ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತು ನಿದ್ದೆ ಮಾಡುತ್ತಿದ್ದ. ಇಳಿಜಾರಿನಲ್ಲಿ ಜೇನುಪೆಟ್ಟಿಗೆಗಳಿಗೆ ಯಾರೋ ನೀಲಿ, ಕೆಂಪು ಬಳಿದಿದ್ದರು. ಒಂದು ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂದು, ಕಾರಿನ ಎರಡೂ ಪಕ್ಕ ಉಣ್ಣೆಯ ಹೊಳೆ ಹರಿದಂತೆ ಹರಿದುಹೋಯಿತು. ಒಂದು ಮರಿ ನಿಂತು ಕಂಡಕ್ಟರಮ್ಮನ ಮುಖವನ್ನೇ ದಿಟ್ಟಿಸಿತು. “ಟಿಕೆಟ್ ತಗೊಂಡಿಲ್ಲ ಇದು” ಎಂದುಬಿಟ್ಟರು. ಶಪಥ ಅಲ್ಲಿಗೆ ಮುರಿಯಿತು. ಅಳಿಯ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ನಕ್ಕ.

ಕಲ್ಲಿನ ಸೇತುವೆಯೊಂದರ ಹತ್ತಿರ ಕಾರು ನಿಲ್ಲಿಸಿ ಫ್ಲಾಸ್ಕಿನ ಚಹಾ ಕುಡಿದರು. ಮೊದಲ ಲೋಟವನ್ನು ಅವನು ಇವರಿಗೇ ಕೊಟ್ಟ. ಒಂದು ಗುಟುಕು ಕುಡಿದು ನೋಡಿದರೆ ಸಕ್ಕರೆ ಇಲ್ಲ. ಇವರಿಗೆ ಸಕ್ಕರೆ ವರ್ಜ್ಯವೆಂದು ಇಡೀ ಫ್ಲಾಸ್ಕನ್ನೇ ಸಪ್ಪೆ ಮಾಡಿ ತಂದಿದ್ದ. ತಾನೂ ಅದನ್ನೇ ಕುಡಿದ. ಆಮೇಲೆ ಸೇತುವೆಯ ಕಟ್ಟೆಗೆ ಒರಗಿ ಕೆಳಗಿನ ಹಸಿರು ಮಡುವನ್ನು ಎಷ್ಟು ಹೊತ್ತು ನೋಡಿದನೆಂದರೆ ಕಂಡಕ್ಟರಮ್ಮನಿಗೆ ಅವನ ಮೇಲೆ ಕನಿಕರವೇ ಬಂತು. ಹಗಲೆಲ್ಲ ಲಿಫ್ಟಿನ ಕೆಳಗಿನ ಹೊಂಡದಲ್ಲಿ ಟಾರ್ಚು ಕಚ್ಚಿಕೊಂಡು ಕೂರುವವನು. ಬಾವಿಯೊಳಗಿನ ಕಪ್ಪೆಗೆ ರಜೆ ಸಿಕ್ಕಿದರೆ ಇನ್ನೇನು ಮಾಡೀತು, ನೋಡಿಕೊಳ್ಳಲಿ ಪಾಪ, ಎಂದು ಸುಮ್ಮನಾದರು.

ಸೇತುವೆ ದಾಟಿದ ಮೇಲೆ ಏರು ಶುರುವಾಯಿತು. ಮರಗಳು ಗಿಡ್ಡವಾದವು, ಆಮೇಲೆ ಇಲ್ಲವಾದವು. ಒಂದು ಬದಿ ಬಂಡೆ, ಇನ್ನೊಂದು ಬದಿ ಮೊಣಕಾಲೆತ್ತರದ ತಡೆಗೋಡೆ; ಅದೂ ಅಲ್ಲಲ್ಲಿ ಕಳಚಿಬಿದ್ದು ಮುದುಕರ ಹಲ್ಲಿನಂತಾಗಿತ್ತು. ಆಚೆಗೆ ಬರೀ ಪ್ರಪಾತ. ಎಲ್ಲಿಂದಲೋ ಮಂಜು ಇಳಿದು ಗಾಜಿಗೆ ಒತ್ತಿಕೊಂಡಿತು. ಹೀಗೆ ತಡವುತ್ತಾ ಹೋಗುತ್ತಿರುವಾಗ ತಿರುವಿನಾಚೆಯಿಂದ ಎರಡು ಹಳದಿ ದೀಪಗಳು ಬಂದವು. ಅವುಗಳ ಹಿಂದೆ ಮರದ ಹಲಗೆ ಹೇರಿದ ಲಾರಿ. ದಾರಿ ಒಂದೇ ಗಾಡಿಯಷ್ಟು ಅಗಲ. ಎರಡೂ ಮೂತಿಗೆ ಮೂತಿ ಕೊಟ್ಟು ನಿಂತವು.

ಭಾರ ಹೊತ್ತ ಲಾರಿ ಆ ಏರಿನಲ್ಲಿ ಹಿಂದಕ್ಕೆ ಹೋಗುವಂತಿರಲಿಲ್ಲ. ಕಾರೇ ಹಿಂದೆ ಸರಿಯಬೇಕು. ಸ್ವಲ್ಪ ಕೆಳಗೆ ದಾರಿ ಅಗಲವಾದ ಒಂದು ಜಾಗ ಬಿಟ್ಟು ಬಂದಿದ್ದರು. ಆದರೆ ಹಿಂದಿನ ಗಾಜಿನಲ್ಲಿ ರಜಾಯಿ, ಪಕ್ಕದ ಕನ್ನಡಿಯಲ್ಲಿ ಮಂಜು. ಲಾರಿ ಡ್ರೈವರ್ ಇಳಿದು ಬಂದು ಅಳಿಯನ ಕಿಟಕಿ ಬಡಿದು, ಹಿಂದೆ ತಗೊಳ್ಳಿ, ಏನು ನೋಡ್ತಾ ಕೂತಿದೀರಿ ಎಂದು ಗದರಿದ. ಅಳಿಯ ಗಾಜು ಇಳಿಸಿದ. ಏನೋ ಹೇಳಹೊರಟ.

ಮಾತು ಬರಲಿಲ್ಲ.

ಬಾಯಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಮೊದಲ ಅಕ್ಷರವೊಂದು ಗಂಟಲಲ್ಲಿ ಬಾಗಿಲಿಗೆ ಸಿಕ್ಕಿಕೊಂಡ ಸೀರೆ ಸೆರಗಿನ ಹಾಗೆ ಸಿಕ್ಕಿಕೊಂಡು, ಎಳೆದಷ್ಟೂ ಬಿಗಿಯಾಯಿತು. ಕೊನೆಗೆ “ಹಿ… ಹಿ… ಹಿಂದೆ ಕಾ…” ಎಂದು ಒಡೆದು ಬಂತು. ಕಂಡಕ್ಟರಮ್ಮ ಬಾಗಿಲ ಮೇಲಿನ ಹಿಡಿಯಿಂದ ಕೈ ತೆಗೆದರು. ಇಷ್ಟು ವರ್ಷ ‘ಹೂಂ’, ‘ಸಾಕು’ಗಳ ಹಿಂದೆ ಅಡಗಿದ್ದದ್ದು ಇದು. ಗತ್ತು ಅಲ್ಲ, ಅಸಡ್ಡೆ ಅಲ್ಲ.

ಲಾರಿಯವನು ಹಲ್ಲು ಬಿಟ್ಟ. “ಹಿ… ಹಿ… ಹಿಂದೆ ಅಂದ್ರೆ ಯಾವ ಕಡೆ ಅಂತ ಗೊತ್ತಾ ನಿಮಗೆ?” ಎಂದ, ಅದೇ ಧಾಟಿಯಲ್ಲಿ.

ಕಂಡಕ್ಟರಮ್ಮ ಬಾಗಿಲು ತೆಗೆದು ಇಳಿದರು. ಕಾರಿನ ಮುಂದಿನಿಂದ ಸುತ್ತಿ ಬಂದು ಲಾರಿಯವನ ಎದುರು ನಿಂತರು. ದನಿ ಏರಿಸಲಿಲ್ಲ. ತುಂಬಿದ ಬಸ್ಸಿನಲ್ಲಿ ಕುಡಿದು ಬಂದವರನ್ನು ಇಳಿಸುವಾಗ ದನಿ ಏರಿಸಿದರೆ ಕೆಲಸ ಕೆಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

“ಏರು ಬಂದಾಗ ನಿನ್ನ ಲಾರಿನೂ ತಡೆದು ತಡೆದೇ ಹತ್ತೋದಲ್ವೇನಪ್ಪಾ? ಅದನ್ನ ನೋಡಿ ಯಾರಾದ್ರೂ ನಗ್ತಾರಾ? ಭಾರ ಇದೆ, ನಿಧಾನವಾಗಿ ಬರಲಿ ಅಂತ ದಾರಿ ಬಿಡ್ತಾರೆ. ನೀನು ಹೋಗಿ ನಿನ್ನ ಸೀಟಲ್ಲಿ ಕೂತ್ಕೋ. ಇವರು ಹಿಂದೆ ತಗೋತಾರೆ, ನಾನು ಹಿಂದೆ ನಿಲ್ತೀನಿ.”

ಲಾರಿಯವನು ಏನೋ ಗೊಣಗಿದ. ಆಮೇಲೆ ಅವರ ತಲೆಯ ಬಿಳಿಕೂದಲು ನೋಡಿಯೋ, ಕಣ್ಣು ನೋಡಿಯೋ, ತೆಪ್ಪಗೆ ಹೋಗಿ ಕೂತ.

ಅವರು ಕಾರಿನ ಹಿಂದೆ ಹೋಗಿ ಡಿಕ್ಕಿಯ ಮೇಲೆ ಅಂಗೈಯಿಂದ ಎರಡು ಬಡಿದರು. “ರೈಟ್, ರೈಟ್! ಬರ್ಲಿ, ಬರ್ಲಿ…” ಆ ಕಂಠ ಮಂಜನ್ನು ಸೀಳಿಕೊಂಡು ಹೋಯಿತು. ಕಾರು ತೆವಳತೊಡಗಿತು. ಒಡೆದ ತಡೆಗೋಡೆಯ ಹತ್ತಿರ ಬಂದಾಗ ಅವರು ತಾವೇ ಆ ಕಿಂಡಿಯಲ್ಲಿ, ಪ್ರಪಾತಕ್ಕೆ ಬೆನ್ನು ಕೊಟ್ಟು ನಿಂತರು, ಗಾಲಿ ತಮಗಿಂತ ಆಚೆ ಹೋಗಬಾರದಲ್ಲ. “ಬಲಕ್ಕೆ ಕೊಡಿ… ಇನ್ನೂ ಕೊಡಿ… ಸಾಕು, ನೇರ ಮಾಡಿ… ಬರ್ಲಿ…” ಅಳಿಯ ಹಿಂದಿರುಗಿ ನೋಡಲೇ ಇಲ್ಲ. ನೋಡಿದರೂ ಕಾಣಲು ರಜಾಯಿಯ ಹೂವುಗಳಷ್ಟೇ. ಅತ್ತೆಯ ದನಿ ಹೇಳಿದಂತೆ ಗಾಲಿ ತಿರುಗಿಸಿದ, ದನಿ ನಿಂತಲ್ಲಿ ನಿಂತ. ತಿರುವು ಕಳೆದು ಅಗಲದ ಜಾಗ ಬಂದಾಗ ಕಂಡಕ್ಟರಮ್ಮ ಒಂದೇ ಬಡಿತ ಬಡಿದು “ಹೋಲ್ಡಾನ್” ಎಂದರು. ಲಾರಿ ಉಸಿರು ಬಿಡುತ್ತಾ ಪಕ್ಕದಲ್ಲೇ ಇಳಿದುಹೋಯಿತು. ಡ್ರೈವರ್ ಈ ಕಡೆ ನೋಡದೆ ಒಂದು ಕೈ ಎತ್ತಿದ.

ಅಲ್ಲಿಂದ ಮೇಲೆ, ಒಂದು ಕಾಲದಲ್ಲಿ ದಾರಿಯ ಕಾವಲಿನವರಿಗೆಂದು ಕಟ್ಟಿದ್ದ ಒಂದೇ ಕೋಣೆಯ ಮನೆಯಲ್ಲಿ ಹೆಂಗಸೊಬ್ಬಳು ಸೂಪು, ಬ್ರೆಡ್ಡು ಮಾರುತ್ತಿದ್ದಳು. ಒಲೆಯ ಪಕ್ಕದ ಬೆಂಚಿನಲ್ಲಿ ಇಬ್ಬರೂ ಕೂತರು. ಅಳಿಯನ ಮುಖ ಇನ್ನೂ ಕೆಂಪಗಿತ್ತು. ಬಟ್ಟಲಿನ ಅಂಚು ಸವರುತ್ತಾ ಕೂತವನು ಕೊನೆಗೆ ತಲೆಯೆತ್ತಿದ, ಬಾಯಿ ತೆರೆದ.

“ಭಯ ಆಯ್ತಾ?” ಎಂದರು ಕಂಡಕ್ಟರಮ್ಮ.

ಅವನು ಇಲ್ಲವೆಂದು ತಲೆಯಾಡಿಸಿದ. ಮತ್ತೆ ಬಾಯಿ ತೆರೆದ.

“ಆ ಲಾರಿಯವನ ಮೇಲೆ ಸಿಟ್ಟಾ?”

ಅವನು ಮೆಲ್ಲಗೆ ಕೈ ಎತ್ತಿ, ತಾಳಿ ಎನ್ನುವಂತೆ ಸನ್ನೆ ಮಾಡಿದ. ಆಗ ಅವರಿಗೆ ಹೊಳೆಯಿತು. ಕಾಯುವುದು ಅವರಿಗೆ ಗೊತ್ತೇ ಇರಲಿಲ್ಲ. ಬಸ್ಸು ಯಾರಿಗೂ ಕಾಯುವುದಿಲ್ಲ. ಎದುರಿನವರು ಅರ್ಧ ಹೇಳುವಷ್ಟರಲ್ಲಿ ಟಿಕೆಟ್ ಹರಿದಿರಬೇಕು. ಈಗ ಅವರು ಎರಡೂ ಕೈಯಲ್ಲಿ ಬಟ್ಟಲನ್ನು ಹಿಡಿದು, ತುಟಿಯನ್ನು ಅದರ ಅಂಚಿಗೆ ಒತ್ತಿಕೊಂಡು ಕೂತರು. ಕುಡಿಯುವುದಕ್ಕಲ್ಲ, ಬಾಯಿ ಮುಚ್ಚಿಕೊಂಡಿರಲಿ ಎಂದು.

ಅವನು ಹೇಳಿದ್ದು ನಿಂತು ನಿಂತು ಬಂತು. ಕೆಲವು ಮಾತಿಗೆ ಕಣ್ಣು ಮುಚ್ಚಿಕೊಂಡ, ಕೆಲವನ್ನು ಅರ್ಧಕ್ಕೇ ಬಿಟ್ಟು ಬೇರೆ ಮಾತಿನ ಬೆನ್ನು ಹತ್ತಿದ. ಚಿಕ್ಕಂದಿನಲ್ಲಿ ಅವನ ಮನೆ ಇದ್ದದ್ದು ಅಂಚೆ ಕಚೇರಿಯ ಸ್ಟಾಪಿನಲ್ಲಿ. ಸ್ವರದಿಂದ ಶುರುವಾಗುವ ಮಾತುಗಳೇ ಅವನಿಗೆ ಎಲ್ಲಕ್ಕಿಂತ ಕಷ್ಟ. ಟಿಕೆಟಿಗೆ ಕೈ ಚಾಚಿ ‘ಅಂಚೆ’ ಎನ್ನಲು ಹೋದರೆ ಬಸ್ಸೆಲ್ಲ ತಿರುಗಿ ನೋಡುತ್ತಿತ್ತು. ಅದಕ್ಕೆ ‘ಮಾರ್ಕೆಟ್’ ಎಂದು ಕೇಳುತ್ತಿದ್ದ, ಅದು ಸಲೀಸು. ಮಾರ್ಕೆಟ್ಟು ಮನೆ ದಾಟಿ ಆಚೆಗಿತ್ತು. ಅಲ್ಲಿ ಇಳಿದು, ಶಾಲೆಯ ಚೀಲ ಹೊತ್ತು, ಬಸ್ಸು ಬಂದ ದಾರಿಯಲ್ಲೇ ನಡೆದು ವಾಪಸ್ಸು ಬರುತ್ತಿದ್ದ. ಶಾಲೆಯ ಓದು ಮುಗಿಯುವ ತನಕವೂ ಹಾಗೆಯೇ.

ಕಂಡಕ್ಟರಮ್ಮ ಬಟ್ಟಲು ಕೆಳಗಿಟ್ಟರು. ಅವರ ಬಸ್ಸಿನಲ್ಲಿ ಹತ್ತಿ ಇಳಿದವರು ಲಕ್ಷಗಟ್ಟಲೆ. ಕೇಳಿದ ಸ್ಟಾಪಿಗೆ ಟಿಕೆಟ್ ಕೊಟ್ಟಿದ್ದರು. ಇಳಿದವರು ಯಾವ ದಿಕ್ಕಿಗೆ ನಡೆದರು ಎಂದು ತಿರುಗಿ ನೋಡುವ ಕೆಲಸ ಅವರದಾಗಿರಲಿಲ್ಲ.

“ನನ್ನ ಮಗಳು ಒಂದು ಮಾತು ಹೇಳಬಾರದಿತ್ತಾ ನನಗೆ?”

“ನಾನೇ… ಬೇಡ ಅಂದೆ.” ಆಮೇಲೆ, ಬಹಳ ದಿನದಿಂದ ಹೇಳಬೇಕೆಂದಿದ್ದನ್ನು ಹೇಳುವವನಂತೆ, ಅವರ ಮುಖ ನೋಡಿಕೊಂಡೇ ಹೇಳಿದ: “ನಿಮ್ಮನೆಗೆ ಬಂದ್ರೆ… ನನಗೆ ನೆಮ್ಮದಿ. ನೀವೇ ಮಾತಾಡ್ತಾ ಇರ್ತೀರಿ. ಬೇರೆ ಕಡೆ ಎಲ್ಲರೂ… ನಾನು ಏನು ಹೇಳ್ತೀನಿ ಅಂತ ಬಾಯಿ ನೋಡ್ತಾರೆ. ಭಾನುವಾರ ನಿಮ್ಮನೆಗೆ ಹೋಗೋಣ ಅಂತ… ಹೊರಡಿಸೋದು ನಾನು. ಅವಳಲ್ಲ.”

ಮಗಳ ಬಲವಂತಕ್ಕೆ ಬಂದು ಮುಳ್ಳಿನ ಮೇಲೆ ಕೂತಂತೆ ಕೂತು ಹೋಗುತ್ತಾನೆ ಎಂದು ಇವರು ತಿಳಿದಿದ್ದ ಮನುಷ್ಯ ಇವನು. ಕಂಡಕ್ಟರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೈಗೆ ಸಿಕ್ಕಿದ್ದು ಬ್ರೆಡ್ಡಿನ ತುಂಡು. ಅದನ್ನು ಅವನ ಬಟ್ಟಲಿನ ಪಕ್ಕಕ್ಕೆ ಸರಿಸಿದರು.

“ಅತ್ತೆ ಅಂತ ಒಂದು ಸಲ ಕರೀಲಿಲ್ಲ ಅಂತ ಬೀದಿಗೆಲ್ಲ ಸಾರಿದೀನಿ ನಾನು.”

ಅವನು ಗಂಟಲು ಸರಿಮಾಡಿಕೊಂಡ. ಪ್ರಯತ್ನಿಸಿಯೇ ಬಿಡುವವನಂತೆ ಬೆನ್ನು ನೆಟ್ಟಗೆ ಮಾಡಿದ. ಬಾಯಿ ತೆರೆಯಿತು, ನರ ಉಬ್ಬಿತು. ಇವರು ಅವನ ಮುಂಗೈ ಮೇಲೆ ಕೈಯಿಟ್ಟರು.

“ಬಿಡು. ಕರೀದಿದ್ರೂ ಬಂದಿದೀನಲ್ಲ ನಿನ್ನ ಜೊತೆ.”

ಬಹುವಚನ ಎಲ್ಲಿ ಬಿದ್ದುಹೋಯಿತೋ ಅವರಿಗೇ ಗೊತ್ತಾಗಲಿಲ್ಲ. ಸೂಪಿನವಳು ಬಂದು ಇನ್ನಷ್ಟು ಬಡಿಸಲೇ ಎಂದಾಗ, ನಮ್ಮ ಅಳಿಯನಿಗೆ ಹಾಕಿ, ಬೆಳಿಗ್ಗೆಯಿಂದ ಗಾಡಿ ಓಡಿಸಿದ್ದಾನೆ ಎಂದರು.

ಹೊರಗೆ ಬಂದರೆ ಮಂಜು ಹರಿದಿತ್ತು. ದಾರಿಯ ನೆತ್ತಿ ಅಲ್ಲಿಂದ ಕೂಗಳತೆಯಲ್ಲಿತ್ತು. ಕಾರು ಬಿಟ್ಟು ನಡೆದೇ ಹೋದರು. ಮೇಲೆ ನಿಂತರೆ ಬೆಟ್ಟದ ಹಿಂದೆ ಬೆಟ್ಟ, ಹತ್ತಿರದವು ಹಸಿರು, ಆಚೆಯವು ನೀಲಿ, ಕಟ್ಟಕಡೆಯವು ಆಕಾಶವೋ ಕಲ್ಲೋ ಹೇಳಲಾಗದವು. ಸುರಂಗ ಹೊಕ್ಕವರೆಲ್ಲ ಈಗ ಇದರ ಹೊಟ್ಟೆಯೊಳಗೆ ದೀಪ ಹಾಕಿಕೊಂಡು ಓಡುತ್ತಿದ್ದಾರು. ಗಾಳಿ ಬಿಟ್ಟರೆ ಸದ್ದಿಲ್ಲ. ಕಾಲ ಕೆಳಗೆ ನೆಲ ಅಲುಗುತ್ತಿಲ್ಲ, ಯಾರೂ ಕೈ ಚಾಚುತ್ತಿಲ್ಲ. ಕಂಡಕ್ಟರಮ್ಮ ಕಾಲುಗಳನ್ನು ಹೇಗೆ ಊರಬೇಕೆಂದೇ ತೋಚದೆ ಒಂದು ಬಂಡೆಯ ಮೇಲೆ ಕೂತುಬಿಟ್ಟರು.

ಅಳಿಯ ಪಕ್ಕದಲ್ಲಿ ನಿಂತು ಏನನ್ನೋ ಹೇಳಲು ಶುರುಮಾಡಿದ. ಎದುರಿನ ಇಳಿಜಾರಿನಲ್ಲಿ ಮೋಡದ ನೆರಳೊಂದು ಆಗಷ್ಟೇ ಬೆಟ್ಟ ಇಳಿಯತೊಡಗಿತ್ತು. ಅದು ಹುಲ್ಲುಗಾವಲು ದಾಟಿತು, ಕುರಿಗಳ ಬಿಳಿ ಚುಕ್ಕೆಗಳನ್ನು ಮುಚ್ಚಿ ಬಿಟ್ಟಿತು, ಹಳ್ಳಕ್ಕಿಳಿದು ಆಚೆ ಹತ್ತಿತು. ಅಷ್ಟು ಹೊತ್ತಿಗೆ ಅವನ ಮಾತು ಪೂರ್ತಿಯಾಯಿತು: ಈ ಬಂಡೆಯ ಈ ಕಡೆ ಬಿದ್ದ ಮಳೆ ಒಂದು ಸಮುದ್ರಕ್ಕೆ ಹೋಗುತ್ತದೆ, ಆ ಕಡೆ ಬಿದ್ದದ್ದು ಇನ್ನೊಂದಕ್ಕೆ. ಕಂಡಕ್ಟರಮ್ಮ ಬಂಡೆಯ ಎರಡೂ ಬದಿಗೆ ಬಗ್ಗಿ ನೋಡಿದರು. ಹಾಗಾದರೆ ಇದೂ ಒಂದು ಬಸ್‌ಸ್ಟ್ಯಾಂಡೇ ಎಂದರು. ಅವನಿಗೆ ನಗು ತಡೆಯಲಾಗಲಿಲ್ಲ.

ಸರೋವರ ಸೇರುವಾಗ ಇಳಿಬಿಸಿಲು. ಮರುದಿನ ಸಂಜೆ ಮಗಳು ಬಸ್ಸಿಳಿದು ಬಂದಳು. ಮೂವರೂ ಹೋಟೆಲಿನ ಜಗಲಿಯಲ್ಲಿ ಊಟಕ್ಕೆ ಕೂತಾಗ ಅವಳು ಅಮ್ಮನ ಹಣೆ ಮುಟ್ಟಿ ನೋಡಿದಳು.

“ಜ್ವರ ಇಲ್ಲ. ಮತ್ತೆ ಮಾತೇ ಇಲ್ವಲ್ಲಮ್ಮ? ದಾರೀಲಿ ಏನಾದ್ರೂ ಆಯ್ತಾ?”

“ನಿನ್ನ ಗಂಡನ್ನ ಕೇಳು.”

ಮಗಳು ಗಂಡನ ಕಡೆ ಗಾಬರಿಯಿಂದ ನೋಡಿದಳು. ಅಮ್ಮನ ಎದುರು ಅವನು ಮಾತಾಡುವುದಿಲ್ಲವೆಂದು ಅವಳಿಗೆ ಗೊತ್ತು. ಅವನ ಪರವಾಗಿ ತಾನೇ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಶುರು ಮಾಡಿಯೇ ಬಿಟ್ಟ. ಕುರಿಮರಿಯಿಂದ ಶುರು ಮಾಡಿದ. ನಿಂತು ನಿಂತು, ಮುಗ್ಗರಿಸಿ, ಕೈಯಿಂದ ಮಂಜು ತೋರಿಸಿ, ಲಾರಿಯನ್ನು ತಂದು ನಿಲ್ಲಿಸಿದ. ಮಗಳು ಒಮ್ಮೆ ಅವನನ್ನು, ಒಮ್ಮೆ ಅಮ್ಮನನ್ನು ನೋಡುತ್ತಾ ಚಮಚ ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು. ಕಂಡಕ್ಟರಮ್ಮ ಸರೋವರದ ಕಡೆ ಮುಖ ಮಾಡಿ, ನಾಲಿಗೆ ಕಚ್ಚಿಕೊಂಡು ಕೂತಿದ್ದರು. ನಿಮ್ಮಮ್ಮ ಇಳಿದು ಹೋಗಿ ಲಾರಿಯವನ… ಲಾರಿಯವನ ಕಾ… ಕಾಲರ್ ಹಿಡಿದು ಎಳೆದರು ಎಂದು ಅವನು ಹೇಳಿದಾಗ ಮಾತ್ರ ಅವರಿಂದ ತಡೆಯಲಾಗಲಿಲ್ಲ.

“ಕಾಲರ್ ಹಿಡಿದಿದ್ದು ಯಾವಾಗ? ಗೌರವವಾಗಿ ಅಪ್ಪಾ ಅಂತ ಕರೆದು ಮಾತಾಡಿಸಿದೀನಿ ನಾನು. ಸುಳ್ಳು ಸೇರಿಸಬೇಡ.”

ಹೇಳಿದ ಮೇಲೆ, ಅಯ್ಯೋ ಅಡ್ಡ ಬಾಯಿ ಹಾಕಿದೆನಲ್ಲ ಎಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಮುಂದೆ ಹೇಳು ಎಂದು ಸನ್ನೆ ಮಾಡಿದರು. ಅವನಿಗೋ ನಗು ಬಂದು, ನಗುವಿಗೆ ಮಾತು ಇನ್ನಷ್ಟು ಸಿಕ್ಕಿಕೊಂಡು, ಮುಂದಿನ ಅಕ್ಷರ ಹೊರಗೆ ಬರಲೇ ಇಲ್ಲ. ಮಗಳೂ ನಗತೊಡಗಿದಳು. ಕೆಳಗೆ ಕಟ್ಟಿಹಾಕಿದ ದೋಣಿಗೆ ನೀರು ತಟ್ಟುತ್ತಿತ್ತು. ಕಥೆ ಇನ್ನೂ ಲಾರಿಯ ಮುಂದೆಯೇ ನಿಂತಿತ್ತು, ತಟ್ಟೆಗಳು ತಣ್ಣಗಾಗುತ್ತಿದ್ದವು, ತಾಯಿ ಮಗಳಿಬ್ಬರೂ ಅವನು ಮುಂದುವರಿಸಲೆಂದು ಕೂತಿದ್ದರು.